ಸೋಮವಾರ ಬೇಡಿದ ಸಾಹೇಬರು

ಬಸ್ಸಿನ ಕಿಟಕಿಯಿಂದ ಚೀಲ ತೂರಿ ಸೀಟು ಹಿಡಿಯುವುದು ಈ ವಯಸ್ಸಿನಲ್ಲೂ ನಾನು ಬಿಡದ ಚಟ. ಹೋದ ತಿಂಗಳು ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಹಾಗೆ ಚೀಲ ತೂರುತ್ತಿದ್ದಾಗ ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದರೆ ಗಂಗವ್ವ. ಸವಣೂರಿನ ಹೊರಗೆ ಶಿಗ್ಗಾಂವಿ ರಸ್ತೆಯಲ್ಲಿದ್ದ ಸಹಕಾರಿ ಹತ್ತಿ ಮಿಲ್ಲಿನಲ್ಲಿ ನಾನು ಟೈಪಿಸ್ಟ್ ಆಗಿದ್ದಾಗ ಅವಳು ಅಲ್ಲಿ ಜಿನ್ನಿಗೆ ಹತ್ತಿ ಹಾಕುತ್ತಿದ್ದಳು. ಹಲ್ಲೆಲ್ಲ ಹೋಗಿದ್ದವು, ದನಿ ಮಾತ್ರ ಹಾಗೇ ಇತ್ತು. "ಬಾಯಾರ, ನಮ್ಮ ಸೋಮವಾರದ ಸಾಹೇಬ್ರು ಹ್ವಾದ್ರಂತ್ರಿ. ಚಿಕ್ಕೇರೂರಾಗ ಮಣ್ಣು ಮಾಡಿದ್ರಂತ. ನಮಗ ಯಾರೂ ಹೇಳಲೇ ಇಲ್ಲ ನೋಡ್ರಿ," ಎಂದಳು. ನಾನು ಚೀಲ ಹಾಕಿದ ಸೀಟಿನಲ್ಲಿ ಮತ್ತಾರೋ ಕುಳಿತು ಚೀಲವನ್ನು ಹೊರಗೆ ಕೊಟ್ಟರು. ಬಸ್ಸು ಹೋಯಿತು. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅವರ ಮಾತನ್ನೇ ಆಡಿದೆವು.

ಸಾಹೇಬರೆಂದರೆ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ಅವರು ನಮ್ಮ ಮಿಲ್ಲಿನ ಮೇಂಟೆನನ್ಸ್ ಸೂಪರ್‌ವೈಜರ್. ಯಂತ್ರಗಳ ಆರೋಗ್ಯ ಅವರ ಜವಾಬ್ದಾರಿ, ಆದರೆ ಯಂತ್ರ ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿಕೊಂಡು ಬಂದವರು. ಅವರ ಮನೆತನ ಬುದ್ಧನ ದಾರಿ ಹಿಡಿದಿತ್ತು. ಸವಣೂರಿನಲ್ಲಿ ಬಾಡಿಗೆಗೆ ಹಿಡಿದ ಒಂಟಿ ಕೋಣೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿರಲಿಲ್ಲ. ಅದೇ ಒಂದು ಕಾರಣಕ್ಕೆ ಊರಲ್ಲಿ ಮನೆ ಸಿಗಲು ಅವರು ಎಷ್ಟು ಓಣಿ ಅಲೆದಿದ್ದರೋ. ಶರ್ಟಿನ ವಿಷಯದಲ್ಲಿ ಮಾತ್ರ ಭಾರಿ ಶೋಕಿ. ಎಣ್ಣೆಯ ನಡುವೆ ಬದುಕುವ ಮನುಷ್ಯ ದಿನಾ ಬಿಳಿ ಶರ್ಟು ಹಾಕಿಕೊಂಡು ಬರುತ್ತಿದ್ದರು. ತೋಳನ್ನು ಮೊಣಕೈಯಿಂದ ಮೇಲಕ್ಕೆ ಬಿಗಿಯಾಗಿ ಮಡಚುತ್ತಿದ್ದರು. "ಸಾಹೇಬ್ರ, ಕರೀ ಶರ್ಟು ಹಾಕ್ಕೋರಿ, ನಿಮ್ಮ ಮನಿಯವ್ರಿಗೆ ಪುಣ್ಯ ಬರ್ತೈತಿ," ಎಂದು ನಾನು ಚೇಷ್ಟೆ ಮಾಡಿದರೆ, "ಕರೀ ಶರ್ಟಿನ ಮ್ಯಾಲ ಎಣ್ಣಿ ಕಾಣೂದಿಲ್ರಿ ಬಾಯಾರ. ಕಾಣದಿದ್ರ ಎಲ್ಲಿ ಸೋರಾಕತ್ತೈತಿ ಅಂತ ಹೆಂಗ ಗೊತ್ತಾಗಬೇಕು?" ಎನ್ನುತ್ತಿದ್ದರು.

ಯಾವ ಯಂತ್ರದ ಹತ್ತಿರ ಹೋದರೂ ಮೊದಲು ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡುವರು, ಕೂಸಿಗೆ ಜ್ವರ ಬಂದಿದೆಯೇ ಎಂದು ತಾಯಂದಿರು ನೋಡುವ ಹಾಗೆ. ನನ್ನ ಟೈಪ್‌ರೈಟರಿಗೂ ಅದೇ ಉಪಚಾರ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಒಂದು ಸ್ಪ್ಯಾನರ್ ಅದರ ಜಾಗದಲ್ಲಿಲ್ಲದಿದ್ದರೆ ಇಡೀ ವರ್ಕ್‌ಶಾಪು ನಡುಗುತ್ತಿತ್ತು. ಬೈದ ಮೇಲೆ ಬೈಸಿಕೊಂಡವನಿಗೆ ತಾವೇ ಚಹಾ ತರಿಸಿ ಕೊಡುತ್ತಿದ್ದರು, ಆದರೆ ಮುಖ ನೋಡುತ್ತಿರಲಿಲ್ಲ.

ಚಹಾದ ಮಾತು ಬಂತು, ಹೇಳಿಬಿಡುತ್ತೇನೆ. ಆಡಳಿತ ಮಂಡಳಿಯ ಸಭೆಗೆ ಅವರು ತಮ್ಮದೇ ಸ್ಟೀಲ್ ಗ್ಲಾಸು ತರುತ್ತಿದ್ದರು. ಎಲ್ಲರಿಗೂ ಕಪ್ಪುಬಸಿ, ಅವರಿಗೆ ಮಾತ್ರ ಕಿಟಕಿಯ ಮೇಲೆ ಬೇರೆ ಇಟ್ಟ ಗಾಜಿನ ಲೋಟ ಎಂದು ಮೊದಲನೇ ಸಭೆಯಲ್ಲೇ ಗೊತ್ತಾಗಿತ್ತು. ಎರಡನೇ ಸಭೆಗೆ ಗ್ಲಾಸು ಬಂತು. "ನಂದು ದೊಡ್ಡದೈತ್ರಿ. ಚಾ ಹೆಚ್ಚು ಹಿಡಿಸ್ತೈತಿ," ಎಂದು ನಗುತ್ತ ಮುಂದೆ ಚಾಚಿದರು. ಡೈರೆಕ್ಟರುಗಳೂ ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಮಠದ ಓಣಿಯಲ್ಲಿ ಹುಟ್ಟಿದವಳು ನಾನು, ಆ ಲೋಟದ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ಮಿಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಜಿನ್ನುಗಳೆಂದರೆ ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರಗಳು. ಅವು ಒಂದು ದೊಡ್ಡ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮುಂದೆ ಒಬ್ಬ ಹೆಂಗಸು. ಅವುಗಳ ಬೆನ್ನ ಹಿಂದೆ ನೆಲದಲ್ಲಿ ತೋಡಿದ ಇಕ್ಕಟ್ಟಾದ ಓಣಿ. ಅದರ ಉದ್ದಕ್ಕೂ ಒಂದೇ ಉಕ್ಕಿನ ಶಾಫ್ಟು ತಿರುಗುತ್ತಿತ್ತು. ಅದರಿಂದ ಬೆಲ್ಟಿನ ಪಟ್ಟಾ ಹಾಕಿ ಎಲ್ಲ ಜಿನ್ನುಗಳನ್ನೂ ತಿರುಗಿಸುತ್ತಿದ್ದರು. ಶಾಫ್ಟು ಕುಳಿತ ಬೇರಿಂಗುಗಳಿಗೆ ಮೇಲೊಂದು ತೂತು, ಆ ತೂತಿನಲ್ಲಿ ಎಣ್ಣೆ ಬಿಡಬೇಕು. ಎಣ್ಣೆ ಬಿಡುವವನು ದುಂಡಸಿಯ ಹುಸೇನಸಾಬ. ವಯಸ್ಸಾದ ಮನುಷ್ಯ, ಲುಂಗಿ ಎತ್ತಿ ಕಟ್ಟಿಕೊಂಡು, ತಿರುಗುವ ಶಾಫ್ಟಿನ ಪಕ್ಕದಲ್ಲೇ ಬಗ್ಗಿ ನಡೆಯುತ್ತ ಎಣ್ಣೆ ಬಿಡುತ್ತಿದ್ದ. ಅದು ಅಲ್ಲಿನ ರೂಢಿ.

ಎಲ್ಲ ಸುರುವಾದದ್ದು ಬೆಂಕಿಯಿಂದ. ಎಪ್ಪತ್ತರ ದಶಕದ ಕೊನೆಯ ಒಂದು ಹಂಗಾಮು. ಒಂದು ಬೇರಿಂಗು ಒಣಗಿ ಕಾದು ಕೆಂಪಾಯಿತು. ಓಣಿಯಲ್ಲಿ ಬಿದ್ದ ಹತ್ತಿಯ ಧೂಳಿಗೆ ಅದರಿಂದ ಬೆಂಕಿ ತಗುಲಿತು. ಹೆಂಗಸರು ಕಿರುಚುತ್ತ ಹೊರಗೆ ಓಡಿದರು. ಗಂಗವ್ವನ ಎರಡೂ ಪಾದ ಸುಟ್ಟವು. ಬೆಂಕಿ ಆರಿದ ಮೇಲೆ ಸಾಹೇಬರು ಆ ಬೇರಿಂಗನ್ನು ಬಿಚ್ಚಿ, ಎಣ್ಣೆಯ ತೂತಿನಿಂದ ತಂತಿಯಲ್ಲಿ ಏನನ್ನೋ ಕೆದಕಿ ತೆಗೆದು, ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಒಣಗಿ ಗಟ್ಟಿಯಾದ ಅರಿಶಿನ ಕುಂಕುಮ.

ಹಂಗಾಮು ತೆರೆಯುವ ದಿನ ನಮ್ಮಲ್ಲಿ ಯಂತ್ರಗಳಿಗೆ ಪೂಜೆ. ಹೆಂಗಸರು ಬೇರಿಂಗು ಬೇರಿಂಗಿಗೂ ಅರಿಶಿನ ಕಲಸಿ ಹಚ್ಚಿ, ಅದರ ನೆತ್ತಿಯ ಮೇಲೆ ಕುಂಕುಮವಿಡುತ್ತಿದ್ದರು. ನೆತ್ತಿ ಎಂದರೆ ಎಣ್ಣೆಯ ತೂತು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಇಟ್ಟ ಕುಂಕುಮ ತಾನಾಗಿ ಉದುರಬೇಕೇ ಹೊರತು ಕೈಯಾರೆ ಒರೆಸಿದರೆ ಯಾರ ಮನೆಯ ಕುಂಕುಮ ಹೋದೀತೋ ಎಂಬ ಭಯ. ಹುಸೇನಸಾಬನೂ ಅದಕ್ಕೆ ಅಂಜಿ ಕುಂಕುಮದ ಮೇಲೆಯೇ ಎಣ್ಣೆ ಹೊಯ್ಯುತ್ತಿದ್ದ. ಎಣ್ಣೆ ಪಕ್ಕಕ್ಕೆ ಹರಿದು ಹೋಗುತ್ತಿತ್ತು.

ಮರುವರ್ಷದ ಪೂಜೆಯ ದಿನ ಸಾಹೇಬರು ಓಣಿಯ ಬಾಗಿಲಲ್ಲಿ ನಿಂತರು. ಪೂಜೆ ಅವರ ದಾರಿಯಲ್ಲ, ಅದು ಎಲ್ಲರಿಗೂ ಗೊತ್ತು. ಬೇಡವೆನ್ನುತ್ತಾರೆ, ಜಗಳವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಕುಂಟುತ್ತ ಬಂದ ಗಂಗವ್ವನೇ ಕೇಳಿದಳು, "ಕುಂಕುಮ ಹಚ್ಚಬ್ಯಾಡ ಅಂತೀರೇನ್ರಿ?"

"ಹಚ್ಚವಾ ತಂಗಿ. ಯಾಕ ಬ್ಯಾಡ ಅನ್ಲಿ?" ಎಂದರು. ಬೇರಿಂಗಿನ ಪಕ್ಕದ ಕಬ್ಬಿಣದ ಮೈಯನ್ನು ತೋರಿಸಿದರು. "ಇಲ್ಲೆ ಹಚ್ಚು. ಇದು ಹಣಿ. ನೀವು ಹಚ್ಚಾಕತ್ತಿದ್ದು ಬಾಯಿಗೆ. ಬಾಯಿ ಮುಚ್ಚಿದ್ರ ಉಣ್ಣೂದು ಹೆಂಗ?"

ಹೆಂಗಸರು ನಕ್ಕರು. ಅಂದಿನಿಂದ ಕುಂಕುಮ ಹಣೆಗೆ ಬಂತು. ಆ ಮಿಲ್ಲಿನಲ್ಲಿ ಅವರು ಕೇಳಿದ್ದರಲ್ಲಿ ಅವರಿಗೆ ಸಿಕ್ಕಿದ್ದು ಅದೊಂದೇ ಎಂದು ಈಗ ಅನ್ನಿಸುತ್ತದೆ.

ಬೆಂಕಿಯಿಂದ ಬ್ಯಾಂಕಿನವರೂ ಹೆದರಿದ್ದರು. ಮಿಲ್ಲಿಗೊಂದು ಸರಿಯಾದ ಮೇಂಟೆನನ್ಸ್ ಪದ್ಧತಿ ಬೇಕು, ಯಾವುದನ್ನಾದರೂ ಆರಿಸಿ ಎಂದು ಅವರು ಕಟ್ಟಪ್ಪಣೆ ಮಾಡಿದರು. ಆಡಳಿತ ಮಂಡಳಿಗೆ ಹುರುಪು ಬಂತು. ಆರಿಸುವುದೆಂದರೆ ನಮ್ಮ ಡೈರೆಕ್ಟರುಗಳಿಗೆ ಸೀರೆ ಅಂಗಡಿಗೆ ಹೋದಷ್ಟು ಖುಷಿ. ಮೂರು ಪದ್ಧತಿಗಳು ಮುಂದೆ ಬಂದವು. ಮೊದಲನೆಯದು ಮುಂಬಯಿಯ ಒಂದು ಕಂಪನಿಯದು. ಕಬ್ಬಿಣದ ಕಪಾಟು, ಅದರಲ್ಲಿ ಪ್ರತಿ ಯಂತ್ರಕ್ಕೂ ಬಣ್ಣಬಣ್ಣದ ಕಾರ್ಡು. ದಿನದ ಕೆಲಸಕ್ಕೊಂದು ಬಣ್ಣ, ವಾರದ್ದಕ್ಕೊಂದು, ವರ್ಷದ್ದಕ್ಕೊಂದು. ಮಾಡಿದ ಕೆಲಸಕ್ಕೆ ಗುರುತು ಹಾಕುತ್ತ ಹೋಗಬೇಕು. ಎರಡನೆಯದು ಹುಬ್ಬಳ್ಳಿಯ ವರ್ಕ್‌ಶಾಪೊಂದರ ಜೊತೆ ವರ್ಷದ ಕರಾರು. ಕೆಟ್ಟಾಗ ಫೋನು ಮಾಡಿದರೆ ಅವರು ಬಂದು ರಿಪೇರಿ ಮಾಡುತ್ತಾರೆ. ಮೂರನೆಯದು ಸಾಹೇಬರದು.

ಸಾಹೇಬರ ಪದ್ಧತಿಯಲ್ಲಿ ಕಪಾಟಿರಲಿಲ್ಲ. ನಮ್ಮ ಕಡೆ ರೈತರು ಸೋಮವಾರ ಎತ್ತು ಹೂಡುವುದಿಲ್ಲ, ಅಂದು ಬಸವಣ್ಣನಿಗೆ ಬಿಡುವು. ಹಾಗಾಗಿ ಸೋಮವಾರ ಮಿಲ್ಲಿಗೆ ಹತ್ತಿಯ ಚಕ್ಕಡಿ ಬರುವುದಿಲ್ಲ, ಬಂದರೆ ವ್ಯಾಪಾರಿಗಳ ಒಂದೆರಡು ಲಾರಿ. ಆ ದಿನ ಮಧ್ಯಾಹ್ನದವರೆಗೆ ಶಾಫ್ಟು ನಿಲ್ಲಿಸಬೇಕು. ಓಣಿಯ ಧೂಳು ತೆಗೆದು, ಎಲ್ಲ ಬೇರಿಂಗಿಗೂ ಎಣ್ಣೆ ಬಿಟ್ಟು, ಯಾವ ಹೆಂಗಸಿನ ಜಿನ್ನು ಹೇಗೆ ಸದ್ದು ಮಾಡುತ್ತಿದೆ ಎಂದು ಅವಳಿಂದಲೇ ಕೇಳಿ ಸರಿ ಮಾಡಬೇಕು. ಹೆಂಗಸರಿಗೆ ಅರ್ಧ ದಿನದ ಕೂಲಿ ಕೊಡಬೇಕು. ತಿರುಗುವ ಶಾಫ್ಟಿನ ಹತ್ತಿರ ಯಾರೂ ಇಳಿಯಬಾರದು. ಇಷ್ಟೇ.

ಮೂರನ್ನೂ ಹೋಲಿಸುವ ಪಟ್ಟಿ ಟೈಪು ಮಾಡುವ ಕೆಲಸ ನನಗೆ ಬಂತು. ಸಾಹೇಬರು ನನ್ನ ಪಕ್ಕದಲ್ಲೇ ನಿಂತು, 'ಮಿಲ್ಲು ಯಾವಾಗ ನಿಲ್ಲುತ್ತದೆ?' ಎಂಬ ಒಂದು ಕಾಲಮ್ಮು ಸೇರಿಸಲು ಹೇಳಿದರು. ಅವರ ಪದ್ಧತಿಯ ಎದುರು 'ಸೋಮವಾರ' ಎಂದಿತ್ತು, ಉಳಿದೆರಡರ ಎದುರು ಏನೂ ಇರಲಿಲ್ಲ. ಮ್ಯಾನೇಜರು ನೋಡಿದರು. ಹಾಳೆಯಲ್ಲಿ ಜಾಗ ಸಾಲುವುದಿಲ್ಲ, ಈ ಕಾಲಮ್ಮು ತೆಗೆಯಿರಿ ಎಂದರು. ಜಾಗ ಬೇಕಾದಷ್ಟಿತ್ತು. ಹಾಗೆಂದು ಹೇಳಿದೆ. "ಬಾಯಾರ, ನಿಮಗ ಟೈಪು ಮಾಡಾಕ ಪಗಾರ ಕೊಡ್ತಾರ," ಎಂದು ಅವರೇ ಪೆನ್ಸಿಲಿನಿಂದ ಗೀಟು ಹೊಡೆದರು.

ಮುಂಬಯಿ ಕಂಪನಿಯ ಮನುಷ್ಯ ಬಂದ ದಿನ ಸಭೆಯಲ್ಲಿ ಕುರುಕಲು ಸವಣೂರಿನ ಖಾರ, ಚಹಾ, ಕೊನೆಗೆ ಎಲೆ ಅಡಿಕೆ. ಪಾಪ, ಆ ಖಾರ ತಿಂದು ಅವನ ಕಣ್ಣಲ್ಲಿ ನೀರು. ಮೂಲತಃ ಕಾರವಾರದ ಕಡೆಯವನಂತೆ, ಕನ್ನಡ ಬರುತ್ತಿತ್ತು. ಕೆಟ್ಟ ಮನುಷ್ಯನೇನಲ್ಲ, ಪದ್ಧತಿಯೂ ಕೆಟ್ಟದ್ದಲ್ಲ. ಸಾಹೇಬರೇ ಕಾರ್ಡುಗಳನ್ನು ಒಂದೊಂದಾಗಿ ಓದಿ ತಲೆದೂಗಿದರು. ಆಮೇಲೆ ಒಂದನ್ನು ಎತ್ತಿ ಹಿಡಿದು ಕೇಳಿದರು, "ಕಾರ್ಡು ಛಲೋ ಅದಾವ್ರಿ. ಇದರಾಗ 'ಶಾಫ್ಟ್ ನಿಲ್ಲಿಸಿ ಎಣ್ಣಿ ಬಿಡೂದು' ಅಂತ ಬರದೀರಿ. ಯಾವಾಗ ನಿಲ್ಲಸೂದ್ರಿ?"

"ಅದು ನಿಮ್ಮ ಮ್ಯಾನೇಜ್‌ಮೆಂಟ್ ತೀರ್ಮಾನ ಮಾಡಬೇಕು," ಎಂದ ಅವನು. ಸರಿಯಾದ ಉತ್ತರವೇ. ಸಾಹೇಬರು ಡೈರೆಕ್ಟರುಗಳ ಕಡೆ ತಿರುಗಿದರು. ಡೈರೆಕ್ಟರುಗಳು ಖಾರದ ತಟ್ಟೆಯ ಕಡೆ ತಿರುಗಿದರು. "ಅದನ್ನ ಆಮ್ಯಾಲ ನೋಡೂಣು. ಕಪಾಟಿಗೆ ಕೀಲಿ ಬರ್ತೈತೇನ್ರಿ?" ಎಂದು ಒಬ್ಬರು ಕೇಳಿದರು.

ತೀರ್ಮಾನ ಚೇರ್ಮನ್ನರ ಕೈಯಲ್ಲಿತ್ತು. ಅವರು ಹಾನಗಲ್ಲಿನವರು. ಕಾಗದಪತ್ರಕ್ಕೆ ಸಹಿ ಮಾಡಿಸಲು ನಾನು ಹೊರಟಾಗ ಸಾಹೇಬರೂ ಬಸ್ಸು ಹತ್ತಿದರು. ಕಡೆಯ ಸಾರಿ ಕೇಳಿ ನೋಡುತ್ತೇನೆ ಎಂದರು. ಬಿಳಿ ಶರ್ಟಿಗೆ ಇಸ್ತ್ರಿ ಮಾಡಿಸಿದ್ದರು. ಚೇರ್ಮನ್ನರ ಮನೆಯಲ್ಲಿ ನನ್ನನ್ನು ಪಡಸಾಲೆಗೆ ಕರೆದರು, ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ನಾನೂ ಕಟ್ಟೆಗೇ ಬಂದು ಕುಳಿತೆ. ಯಜಮಾನರು ಊಟ ಮುಗಿಸಿ, ಎಲೆ ಹಾಕಿಕೊಂಡು, ನಿಧಾನವಾಗಿ ಹೊರಗೆ ಬಂದರು.

ಸಾಹೇಬರು ಎದ್ದು ನಿಂತು ಎಲ್ಲ ಹೇಳಿದರು. ಎಂದೂ ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಎತ್ತಂದ್ರ ಬಸವಣ್ಣ," ಎಂದರು ಚೇರ್ಮನ್ನರು. "ಸೋಮವಾರ ಹೂಡಬಾರದು ಅನ್ನೂದು ನಮ್ಮ ಮುತ್ತ್ಯಾನ ಕಾಲದ್ದು. ನಿಮ್ಮ ಮಿಷನ್ ಯಾವಾಗ ಬಸವಣ್ಣ ಆತು?"

"ಎತ್ತು ದಣೀತಾವು ಅಂತ ತಿಳದವ್ರು ಆ ಪದ್ಧತಿ ಮಾಡ್ಯಾರ್ರಿ ಯಜಮಾನ್ರ. ಕಬ್ಬಣಾನೂ ದಣೀತೈತ್ರಿ. ಅದರ ಮುಂದ ನಮ್ಮ ಹೆಣ್ಮಕ್ಕಳು ನಿಂದರ್ತಾರ್ರಿ. ಅರ್ಧ ದಿನ ಕೊಡ್ರಿ ಸಾಕು."

ಚೇರ್ಮನ್ನರು ಎಲೆ ಉಗುಳಿ ಬಂದರು. "ದೇವ್ರನ್ನ ಬಿಟ್ಟವ್ರು ನೀವು. ನಮಗ ಸೋಮವಾರ ಹೇಳಾಕ ಬಂದೀರೇನು?"

ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ. ಆ ಮನುಷ್ಯನ ಮುಂದೆ ಕಾಗದ ಚಾಚಿ ಸಹಿ ಮಾಡಿಸಿಕೊಂಡೆ. ಸಾಹೇಬರು ಕೈ ಮುಗಿದರು, ಚಪ್ಪಲಿ ಮೆಟ್ಟಿಕೊಂಡರು. ತಿರುಗಿ ಬರುವ ಬಸ್ಸು ಬಂಕಾಪುರ ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ಬಾಯಾರ, ಅವ್ರು ಅಂದಿದ್ದು ಅನ್ಲಿ. ನನಗ ಸೋಮವಾರನ ಆಗಬೇಕಂತಿಲ್ಲ. ಯಾವ ವಾರ ಆದ್ರೂ ನಡೀತೈತಿ. ನಿಲ್ಲಿಸಿದ್ರ ಸಾಕು."

ಕಪಾಟು ಬಂತು. ಹಸಿರು ಬಣ್ಣದ್ದು, ಎರಡು ಕೀಲಿ. ಹಂಗಾಮು ತೆರೆಯಿತು. ಆ ವರ್ಷ ಬೆಳೆ ಭರ್ತಿ ಬಂದಿತ್ತು, ರಸ್ತೆಯ ಉದ್ದಕ್ಕೂ ಚಕ್ಕಡಿಗಳು. ಮಿಲ್ಲು ಹಗಲೂ ರಾತ್ರಿ ಪಾಳಿಯ ಮೇಲೆ ಪಾಳಿ ನಡೆಯಿತು, ಸಂತೆಯ ದಿನದ ರಜೆಯೂ ಹೋಯಿತು. ಕಾರ್ಡುಗಳನ್ನು ತುಂಬಲು ಮ್ಯಾನೇಜರೇ ದಿನಾ ಸಂಜೆ ಬಣ್ಣದ ಪೆನ್ಸಿಲು ಹಿಡಿದು ಕೂರುತ್ತಿದ್ದರು. ಆ ಕೆಲಸ ಅವರಿಗೆ ಬಹಳ ಹಿಡಿಸಿತ್ತು. 'ಎಣ್ಣೆ ಬಿಟ್ಟಾಗಿದೆ' ಎನ್ನುವಲ್ಲಿ ಚೆಂದದ ಗುರುತು. ಬ್ಯಾಂಕಿನ ಅಧಿಕಾರಿ ಬಂದು ಕಪಾಟು ತೆಗೆಸಿ ನೋಡಿ, ಇಡೀ ಧಾರವಾಡ ಜಿಲ್ಲೆಯಲ್ಲಿ ಇಂಥ ಅಚ್ಚುಕಟ್ಟು ಇಲ್ಲ ಎಂದು ಹೊಗಳಿ ಹೋದರು.

ಸಾಹೇಬರು ಮಾಡಿದ್ದು ಒಂದೇ ಕೆಲಸ. ಶಾಫ್ಟಿನ ಓಣಿಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟದಲ್ಲಿಟ್ಟುಕೊಂಡರು. ತಿರುಗುವಾಗ ಹುಸೇನಸಾಬ ಇಳಿಯಕೂಡದು. ಹಾಗಾದರೆ ಎಣ್ಣೆ ಬಿಡುವುದು ಯಾವಾಗ? ಕರೆಂಟು ಹೋದಾಗ. ಕರೆಂಟು ಹೋದರೆ ಊರಿಗೆ ಊರೇ ಬೈಯುತ್ತಿತ್ತು, ಇವರೊಬ್ಬರು ಮಾತ್ರ ಹಬ್ಬ ಬಂದಂತೆ ಎದ್ದು ಓಡುತ್ತಿದ್ದರು. ಮೊದಲು ಸ್ವಿಚ್ಚಿನ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ಓಣಿಗೆ ಇಳಿಯುವರು. "ಲಗೂ ಬರ್ರಿ ಚಾಚಾ, ಲಗೂ!" ಎಂದು ಅವರು, ಹಿಂದೆ ಎಣ್ಣೆಯ ಡಬ್ಬಿ ಹಿಡಿದ ಹುಸೇನಸಾಬ. ಎಷ್ಟು ಬೇರಿಂಗಿಗೆ ಆಗುತ್ತದೋ ಅಷ್ಟು. ಕರೆಂಟು ಬರುವುದರೊಳಗೆ ಮುಗಿಯದಿದ್ದರೆ ಆ ದಿನವಿಡೀ ಅವರ ಮುಖ ನೋಡಲಾಗುತ್ತಿರಲಿಲ್ಲ. ವಿದ್ಯುತ್ ಕಚೇರಿಯವರಿಗೆ ಹೇಳಿ ದಿನಾ ಸ್ವಲ್ಪ ಹೊತ್ತು ಕರೆಂಟು ತೆಗೆಸಲು ಸಾಧ್ಯವೇ ಎಂದು ಒಮ್ಮೆ ನನ್ನನ್ನು ಕೇಳಿದರು. ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಆಡಳಿತ ಮಂಡಳಿ ಡೀಸೆಲ್ ಎಂಜಿನ್ ತರಿಸಿತು. ಕರೆಂಟು ಹೋದ ಬೆನ್ನಿಗೇ ಎಂಜಿನ್ ಶಾಫ್ಟನ್ನು ತಿರುಗಿಸುವಂತಾಯಿತು. ಎಂಜಿನ್ನಿಗೆ ತೆಂಗಿನಕಾಯಿ ಒಡೆದು ಪೇಡೆ ಹಂಚಿದರು. ಸಾಹೇಬರು ತಮ್ಮ ಪೇಡೆಯನ್ನು ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟು ಹೋದರು. ಅಂದಿನಿಂದ ಅವರ ಊಟ ಕಡಿಮೆಯಾಯಿತು. ತಂದ ರೊಟ್ಟಿ ಬುತ್ತಿಯಲ್ಲೇ ಉಳಿಯುತ್ತಿತ್ತು. ಕೂತಲ್ಲಿಂದ ಫಕ್ಕನೆ ಎದ್ದು ಶೆಡ್ಡಿನ ಕಡೆ ಕಿವಿ ಕೊಡುವರು. "ಏನಾತ್ರಿ?" ಎಂದರೆ, "ಏನಿಲ್ರಿ. ಇನ್ನೂ ನಡದೈತಿ," ಎನ್ನುವರು.

ಒಂದು ದಿನ ಅವರಿಗೆ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಹೋಗಿ ಸ್ವಿಚ್ಚು ಇಳಿಸಿಬಿಟ್ಟರು. ಶೆಡ್ಡು ನಿಶ್ಶಬ್ದವಾಯಿತು. ಮ್ಯಾನೇಜರು ಓಡಿ ಬಂದು ಕೂಗಾಡಿದ್ದು ಸಹಜ. ಆದರೆ ಹೆಂಗಸರೂ ಹೊರಗೆ ಬಂದರು. ಅವರ ಕೂಲಿ ತೆಗೆದ ಅರಳೆಯ ತೂಕದ ಮೇಲೆ, ಮಿಲ್ಲು ನಿಂತರೆ ಕೂಲಿ ಇಲ್ಲ. ಗಂಗವ್ವನೇ ಮುಂದೆ ನಿಂತಿದ್ದಳು. "ಸಾಹೇಬ್ರ, ನಿಮ್ಮ ಪಗಾರ ತಿಂಗಳಿಗೆ ಬರ್ತೈತಿ. ನಮ್ದು ತಕ್ಕಡ್ಯಾಗ ಬರ್ತೈತಿ. ಚಾಲೂ ಮಾಡ್ರಿ," ಎಂದಳು. ಸುಟ್ಟ ಪಾದದವಳು. ಸಾಹೇಬರು ಅವಳ ಮುಖ ನೋಡಿದರು, ತಾವೇ ಹೋಗಿ ಸ್ವಿಚ್ಚು ಏರಿಸಿದರು. ಅಂದು ಚೇರ್ಮನ್ನರ ಮನೆಯ ಕಟ್ಟೆಯ ಮೇಲೆ ಕಾಣದ ಸೋಲು ಇಲ್ಲಿ ಅವರ ಬೆನ್ನಿನಲ್ಲಿ ಕಂಡಿತು. ಮರುದಿನ ಸ್ವಿಚ್ಚಿನ ಕೋಣೆಗೆ ಬೀಗ ಬಿತ್ತು, ಕೀಲಿಕೈ ಮ್ಯಾನೇಜರ ಜೇಬಿಗೆ ಹೋಯಿತು. ಓಣಿಯ ಕೀಲಿಕೈ ಇವರ ಹತ್ತಿರ, ಮಿಲ್ಲು ನಿಲ್ಲಿಸುವ ಕೀಲಿಕೈ ಅವರ ಹತ್ತಿರ.

ಕಡೆಗೆ ಆಗಬಾರದ್ದು ನಡೆದದ್ದು ಒಂದು ಸೋಮವಾರ ಎಂದು ಬರೆದರೆ ಓದಲು ಚೆಂದ. ಆದರೆ ಗುರುವಾರ. ಬೆಳಗಿನ ಹೊತ್ತು. ಓಣಿಯಿಂದ ಕೀರಲು ಸದ್ದು, ಆಫೀಸಿನಲ್ಲಿ ಕೂತ ನನಗೂ ಕೇಳುತ್ತಿತ್ತು. ಜೊತೆಗೆ ಕಮಟು ವಾಸನೆ. ಸಾಹೇಬರು ಮ್ಯಾನೇಜರ ಕೋಣೆಗೆ ಬಂದರು. "ನಿಲ್ಲಸ್ರಿ. ಕೈ ಮುಗೀತೇನಿ. ಹೋದ ಸಲದಂಗ ಬೆಂಕಿ ಹತ್ತತೈತಿ, ಹೆಣ್ಮಕ್ಕಳು ಒಳಗದಾರ," ಎಂದರು. ನಿಜವಾಗಿಯೂ ಕೈ ಮುಗಿದಿದ್ದರು.

ಚೇರ್ಮನ್ನರು ಬರುವವರಿದ್ದರು, ಹೊರಗೆ ಲಾರಿಗಳು ನಿಂತಿದ್ದವು. ಮ್ಯಾನೇಜರು ತಲೆ ಎತ್ತಲಿಲ್ಲ. "ಹುಸೇನಸಾಬನ್ನ ಇಳಸ್ರಿ. ಮೊದಲೆಲ್ಲಾ ದಿನಾ ಇಳೀತಿದ್ದಿಲ್ಲೇನು? ನೀವು ಬಂದ ಮ್ಯಾಲ ಇದೆಲ್ಲಾ ಸುರು ಆತು."

ಹುಸೇನಸಾಬ ಬಾಗಿಲಲ್ಲೇ ನಿಂತಿದ್ದ. ಮಾತು ಕೇಳಿ ಲುಂಗಿ ಎತ್ತಿ ಕಟ್ಟಿದ, ಕೀಲಿಕೈಗೆ ಕೈ ಚಾಚಿದ. ಆಗಲೇ ಅವನಿಗೆ ಒಂದು ಕಣ್ಣು ಮಂಜಾಗಿತ್ತು. ಸಾಹೇಬರು ಅವನ ಕೈಯಿಂದ ಎಣ್ಣೆಯ ಡಬ್ಬಿಯನ್ನೂ ಒರೆಸುವ ಅರಿವೆಯನ್ನೂ ತೆಗೆದುಕೊಂಡರು. "ನೀವು ಕುಂದರ್ರಿ ಚಾಚಾ," ಎಂದರು. ಬೀಗ ತೆಗೆದು ತಾವೇ ಇಳಿದರು. ಯಾರೂ ಇಳಿಯಕೂಡದೆಂದು ತಾವೇ ಹೇಳಿದ್ದ ಜಾಗಕ್ಕೆ.

ಶರ್ಟಿನ ತೋಳು ಎಂದಿನಂತೆ ಬಿಗಿಯಾಗಿ ಮಡಚಿತ್ತು. ಶಾಫ್ಟು ಹಿಡಿದದ್ದು ಕೈಯಲ್ಲಿದ್ದ ಅರಿವೆಯನ್ನು. ಅರ್ಧ ಸುತ್ತಿನಲ್ಲಿ ಅರಿವೆಯ ಹಿಂದೆ ಕೈ ಹೋಯಿತು. ನಾನು ಕೇಳಿದ್ದು ಹುಸೇನಸಾಬನ ಕೂಗು, ಅವರದಲ್ಲ. ಆಗ ಮ್ಯಾನೇಜರ ಜೇಬಿನಿಂದ ಕೀಲಿಕೈ ಹೊರಗೆ ಬಂತು. ಮಿಲ್ಲು ನಿಂತಿತು. ಅವರನ್ನು ಬಿಡಿಸಿ, ಹೊರಗೆ ಎತ್ತಿ ತಂದು, ಜೀಪಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಹೆಂಗಸರು ಅಂಗಳದಲ್ಲಿ ಕುಳಿತು ಅತ್ತರು. ಚೇರ್ಮನ್ನರು ಬಂದರು, ಪೊಲೀಸರು ಬಂದರು. ಹೊತ್ತು ಇಳಿಯುವಾಗ ಮಿಲ್ಲು ಮತ್ತೆ ಚಾಲೂ ಆಯಿತು. ಆ ಕೀರಲು ಸದ್ದೂ ಸುರುವಾಯಿತು.

ಮುಂದಿನದು ಚಿಕ್ಕದು. ಬಲಗೈ ಮೊಣಕೈವರೆಗೆ ಹೋಯಿತು. ಅವರು ಚಿಕ್ಕೇರೂರಿಗೆ ಮರಳಿದರು. ಅಲ್ಲಿನ ರೈತರ ಪಂಪುಗಳನ್ನು ಎಡಗೈಯಲ್ಲೇ ರಿಪೇರಿ ಮಾಡಿಕೊಡುತ್ತಿದ್ದರೆಂದೂ, ಕೆಡುವ ಮೊದಲೇ ತಂದು ತೋರಿಸಿದವರ ಹತ್ತಿರ ಕೂಲಿ ಕೇಳುತ್ತಿರಲಿಲ್ಲವೆಂದೂ ಗಂಗವ್ವ ಹೇಳಿದಳು. ಮಿಲ್ಲು ಇನ್ನೂ ಕೆಲವು ಹಂಗಾಮು ನಡೆದು, ಎಂಬತ್ತರ ದಶಕದಲ್ಲೇ ಮುಚ್ಚಿತು. ಇದೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಾವಿಬ್ಬರೂ ಬಾಯಿ ಬಿಟ್ಟು ಆಡದೆ ಇದ್ದ ಮಾತು ಬೇರೆ, ಅದು ಆಸ್ಪತ್ರೆಯದು.

ಕೆಲವು ದಿನಗಳ ಮೇಲೆ ನಾನೂ ಗಂಗವ್ವನೂ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿದ್ದೆವು. ದೊಡ್ಡ ಹಾಲಿನ ಮೂಲೆಯ ಮಂಚದ ಮೇಲೆ ಮಲಗಿದ್ದರು. ಹೆಂಡತಿ ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ನಮ್ಮನ್ನು ನೋಡಿ ಸಾಹೇಬರು ನಕ್ಕರು. ನೋವಿನ ಬಗ್ಗೆ ಒಂದು ಮಾತಿಲ್ಲ. ನಾನು ಅಳುವುದನ್ನು ನೋಡಿ, "ಎಡಗೈ ಐತಲ್ರಿ ಬಾಯಾರ. ಹೋಗಲಿ ಬಿಡ್ರಿ," ಎಂದು ನನಗೇ ಸಮಾಧಾನ ಹೇಳಿದರು. ಹುಸೇನಸಾಬ ಹೇಗಿದ್ದಾನೆಂದು ಕೇಳಿದರು. ಗಂಗವ್ವನ ಕಾಲು ಹೇಗಿದೆ ಎಂದು ಕೇಳಿದರು. ಆಮೇಲೆ, "ಅವತ್ತ ಮಿಲ್ಲು ಎಷ್ಟೊತ್ತು ನಿಂತಿತ್ರಿ?" ಎಂದರು.

"ಹೊತ್ತು ಇಳಿಯೂತನಾ ನಿಂತಿತ್ರಿ," ಎಂದೆ. ಅವರಿಗೆ ಗೌರವ ಕೊಟ್ಟು ನಿಲ್ಲಿಸಿದ್ದರು ಎಂಬಂತೆ ಹೇಳಿದೆ, ಕೇಳಿ ಖುಷಿಪಡಲಿ ಎಂದು.

ಅವರ ಮುಖ ನಿಜವಾಗಿಯೂ ಅರಳಿತು. ದಿಂಬಿನಿಂದ ಅಷ್ಟು ತಲೆ ಎತ್ತಿದರು. "ಹಂಗಾರ ಎಲ್ಲಾ ಬೇರಿಂಗಿಗೂ ಎಣ್ಣಿ ಬಿಟ್ಟಿರಬೇಕಲ್ರಿ?"

ನಾನು ಗಂಗವ್ವನ ಕಡೆ ನೋಡಿದೆ. ಗಂಗವ್ವ ಬಾಗಿಲ ಕಡೆ ನೋಡಿದಳು.

"ಯಾರೂ ಬಿಡಲಿಲ್ಲೇನ್ರಿ?" ಎಂದರು. "ಅಷ್ಟೊತ್ತು ನಿಂತಿತ್ತಲ್ರೀ..."

ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಅಲುಗತೊಡಗಿತು. ಮೊದಲು ಸದ್ದಿರಲಿಲ್ಲ, ಆಮೇಲೆ ಇಡೀ ಹಾಲಿಗೆ ಕೇಳುವಂತೆ ಅತ್ತರು. ಕೈ ನೋಯುತ್ತಿದೆ ಎಂದುಕೊಂಡು ಅವರ ಹೆಂಡತಿ ನರ್ಸನ್ನು ಕರೆಯಲು ಓಡಿದಳು.